ಹೆಸರು ಕರೆಯುವವರಿಲ್ಲದ ದೊರೆ

ಮಣ್ಣೇ, ಸಿಪ್ಪಾರಿನಲ್ಲಿರುವ ನನ್ನ ಮಗಳು ಬೇಲ್ತಾನಿಗೆ ಹೇಳು: ಇಸಿನ್ ಪಟ್ಟಣದಿಂದ ನಿನ್ನ ತಾಯಿ ನರಾಂತು ಹೀಗೆ ಹೇಳುತ್ತಾಳೆ.

ನಮ್ಮ ಗುಲಾ ತಾಯಿಯೂ ನಿಮ್ಮೂರಿನ ಸೂರ್ಯದೇವರೂ ನಿನ್ನನ್ನು ನನಗೋಸ್ಕರ ಬದುಕಿಸಿರಲಿ. ನಿನ್ನ ಇಬ್ಬರು ಹೆಣ್ಣುಮಕ್ಕಳು ತಣ್ಣಗಿರಲಿ. ನಿನ್ನ ಗಂಡನಿಗೂ ಒಳ್ಳೆಯದಾಗಲಿ. ಅಷ್ಟು ಬರೆಯಲೇಬೇಕಲ್ಲ, ಬರೆದಿದ್ದೇನೆ.

ದುಮೂಜಿ ತಿಂಗಳ ಇಪ್ಪತ್ತೆಂಟನೆಯ ದಿನ. ದೊರೆಯವರು ಗುಲಾ ತಾಯಿಗೆ ಬೆಳ್ಳಿಯ ನಾಯಿ ಮಾಡಿಸಿಕೊಟ್ಟ ವರ್ಷ.

ಕೂತುಕೊಂಡು ಓದು. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿಟ್ಟು ಬಾ. ನಿನ್ನ ಅತ್ತೆ ಪಕ್ಕದಲ್ಲಿದ್ದರೆ ಯಾವುದಾದರೂ ನೆವ ಹೇಳಿ ಹೊರಗೆ ಕಳಿಸು. ನೆವ ಹೇಳುವುದನ್ನು ನಿನಗೆ ನಾನು ಕಲಿಸಬೇಕಾಗಿಲ್ಲ.

ನಿನ್ನ ಮಗ ಪುಜೂರ ತೀರಿಕೊಂಡ. ಇವತ್ತಿಗೆ ಎಂಟು ದಿನ.

ಈ ಸಾಲನ್ನು ಮೊದಲೇ ಒತ್ತಿಬಿಟ್ಟೆ. ಸುತ್ತಿ ಬಳಸಿ ಬರೆಯುತ್ತ ಕೂತರೆ ಮಣ್ಣು ಒಣಗುತ್ತದೆ, ನನ್ನ ಧೈರ್ಯವೂ ಒಣಗುತ್ತದೆ. ಕಾಯಿಲೆ ಬಂದು ಸತ್ತದ್ದಲ್ಲ. ಹಾವು ಕಚ್ಚಿದ್ದಲ್ಲ. ಅವನು ಈ ಊರಿನ ದೊರೆಯಾಗಿ ಸತ್ತ. ಮುದುಕಿಗೆ ಬುದ್ಧಿ ಕೆಟ್ಟಿತು ಎಂದುಕೊಳ್ಳಬೇಡ. ಪೂರ್ತಿ ಓದು.

ಊರಬಾಗಿಲಲ್ಲಿ ಕೂರುವ ಲಿಪಿಕಾರ ಎರಡು ರೊಟ್ಟಿ ಕೊಟ್ಟರೆ ಒಂದು ಮಣ್ಣಿನ ಹಲಗೆ ಬರೆದುಕೊಡುತ್ತಾನೆ. ಅವನ ಅಕ್ಷರ ಮುತ್ತಿನ ಹಾಗಿರುತ್ತದೆ ನಿಜ. ಆದರೆ ಅವನು ಬೆಳಿಗ್ಗೆ ಬರೆದದ್ದು ಸಂಜೆಯೊಳಗೆ ಅರಮನೆಯ ಕಿವಿಗೆ ಬಿದ್ದಿರುತ್ತದೆ. ಅದಕ್ಕೇ ನಾನೇ ಕೂತು ಒತ್ತುತ್ತಿದ್ದೇನೆ. ಹಳ್ಳಿಯಲ್ಲಿ ಸೋದರಮಾವನ ಜಗಲಿಯ ಮೇಲೆ ಎರಡು ಚಳಿಗಾಲ ಕಲಿತ ವಿದ್ಯೆ. ಕೋಳಿ ಕೆದರಿದ ಹಾಗೆ ಕಾಣುತ್ತದೆ, ಆದರೆ ಈ ಕೋಳಿಯ ಕೈಯಲ್ಲೇ ನೀನೂ ಕಲಿತವಳು, ಓದಿಕೊಳ್ಳುತ್ತೀಯ. ಈ ಬಿಸಿಲಿಗೆ ಹಲಗೆ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಒಂದು ಗೆರೆಯನ್ನೂ ಅಳಿಸಲಾಗದು. ಹಾಗಾಗಿ ಒದ್ದೆ ಬಟ್ಟೆಯಲ್ಲಿ ಮಣ್ಣು ಸುತ್ತಿಟ್ಟುಕೊಂಡು ಒಂದಾದ ಮೇಲೊಂದು ಹಲಗೆ ತಟ್ಟುತ್ತಿದ್ದೇನೆ. ಅಂಚಿನಲ್ಲಿ ಉಗುರಿನಿಂದ ಗೀರು ಹಾಕಿದ್ದೇನೆ, ಒಂದು, ಎರಡು, ಮೂರು ಎಂದು. ಆ ಕ್ರಮದಲ್ಲೇ ಓದು.

ಮೊದಲು ನಿನ್ನ ತಪ್ಪು ಹೇಳಿಬಿಡುತ್ತೇನೆ. ನನ್ನದು ಆಮೇಲೆ. ನನ್ನದು ದೊಡ್ಡದು.

ಹದಿನೈದು ವರ್ಷದ ಹಿಂದೆ, ಮೊದಲ ಗಂಡ ಸತ್ತು ಎರಡನೆಯವನು ಕೇಳಿ ಬಂದಾಗ, ಮಕ್ಕಳಿಲ್ಲದ ವಿಧವೆ ಎಂದು ಹೇಳಿಸಿಕೊಂಡು ನೀನು ಸಿಪ್ಪಾರಿನ ದೋಣಿ ಹತ್ತಿದೆ. ನಾಲ್ಕು ವರ್ಷದ ಪುಜೂರ ನನ್ನ ಸೆರಗು ಹಿಡಿದು ದಡದಲ್ಲಿ ನಿಂತಿದ್ದ. ಕೂಗಿಬಿಡುತ್ತಾನೆಂದು ನಾನು ಅವನ ಬಾಯಿಗೆ ಖರ್ಜೂರ ತುರುಕಿದ್ದೆ. ನಿನ್ನ ಗಂಡ ಕೇಳಿದ್ದಕ್ಕೆ ತಮ್ಮನ ಮಗ ಎಂದೆ ನೀನು. ನಾನೂ ತಲೆಯಾಡಿಸಿದೆ. ನಿನ್ನ ತಮ್ಮನಿಗೆ ಆಗಿನ್ನೂ ಮೀಸೆಯೇ ಬಂದಿರಲಿಲ್ಲ. ಆದರೂ ಆ ಮನುಷ್ಯ ನಂಬಿದ. ನಂಬಿದರೆ ಅವನಿಗೂ ಅನುಕೂಲವಿತ್ತು. ನಾನು ಬಯ್ಯುತ್ತಿಲ್ಲ. ನಿನ್ನ ಜಡೆ ಹಾಕಿ ಕಳಿಸಿದವಳು ನಾನೇ. ಆದರೆ ಆ ಹುಡುಗನನ್ನು ಇಲ್ಲ ಎಂದು ಹೇಳುವುದು ಆ ದಡದಲ್ಲೇ ಶುರುವಾಯಿತು. ನಾವಿಬ್ಬರೂ ಸೇರಿ ಶುರು ಮಾಡಿದೆವು. ಅರಮನೆ ಮುಗಿಸಿತು, ಅಷ್ಟೆ.

ಎರಡನೆಯ ಹಲಗೆ.

ನಿನ್ನ ತಮ್ಮ ಇಲೀಮ ಹೇಗೆ ಹೋದ ಎಂಬುದು ನಿನಗೆ ಗೊತ್ತು. ದೊರೆಯ ಹೊಸ ಕಾಲುವೆ ತೋಡಲು ಮನೆಗೊಬ್ಬ ಗಂಡಾಳು ಎಂದರು, ಕೊಟ್ಟೆ. ದಂಡೆ ಕುಸಿಯಿತು. ಅವನನ್ನು ಚಾಪೆಯಲ್ಲಿ ಸುತ್ತಿ ತಂದರು, ನಿಮ್ಮಪ್ಪನ ಪಕ್ಕದಲ್ಲೇ ನಡುಮನೆಯ ನೆಲದಡಿ ಮಲಗಿಸಿದೆವು. ಅದಾಗಿ ಎರಡು ವರ್ಷಕ್ಕೆ ಊರಗೋಡೆ ಎತ್ತರಿಸಬೇಕೆಂದು ಮತ್ತೆ ಮನೆಗೊಬ್ಬ ಗಂಡಾಳು ಕೇಳಿದರು. ನಮ್ಮ ಕೇರಿಯ ಹಿರಿಯ ಎರೀಬ ಮನೆಮನೆ ಸುತ್ತಿ ಹೆಸರು ಬರೆದುಕೊಳ್ಳುತ್ತ ನಮ್ಮ ಬಾಗಿಲಿಗೂ ಬಂದ. ಪುಜೂರನಿಗೆ ಆಗ ಹದಿನೇಳು. ಗುಲಾ ತಾಯಿಯ ಗುಡಿಯ ನಾಯಿದೊಡ್ಡಿಯಲ್ಲಿ ಕೆಲಸ ಅವನಿಗೆ. ನಾಯಿಗಳಿಗೆ ಅನ್ನ ನೀರು ಇಡುವುದು, ಹುಣ್ಣು ತೊಳೆಯುವುದು. ಮೈಯೆಲ್ಲ ನಾಯಿಯ ವಾಸನೆ, ಬಾಯಿ ತುಂಬ ನಗು.

ಎರೀಬ ಕೇಳಿದ, "ಏನ್ ನರಾಂತಕ್ಕ, ಮನೇಲಿ ಗಂಡಸ್ರು ಎಷ್ಟು ಜನ?"

"ಇಬ್ರು. ಒಬ್ಬ ನೆಲದ ಕೆಳಗವ್ನೆ, ಇನ್ನೊಬ್ಬ ಅವನ ಪಕ್ಕದಲ್ಲೇ ಅವ್ನೆ. ಅಗೆದು ಕರ್ಕೊಂಡು ಹೋಗ್ತೀಯಾ?" ಎಂದೆ.

"ತಮಾಷೆ ಬ್ಯಾಡಕ್ಕ. ಆ ನಾಯಿದೊಡ್ಡಿ ಹುಡುಗ ಯಾರು ಮತ್ತೆ? ದಿನಾ ನಿನ್ನ ಮನೇಲೇ ಉಣ್ತಾನಲ್ಲ."

"ಬೆಕ್ಕೂ ನಮ್ಮನೇಲೇ ಉಣ್ತದೆ. ಅದೂ ನನ್ನ ಮೊಮ್ಮಗನಾ? ಗುಡಿ ಹಿಂದೆ ಸಿಕ್ಕಿದ ಕೂಸು ಕಣಯ್ಯ ಅದು. ಅಪ್ಪ ಇಲ್ಲ, ಅಮ್ಮ ಇಲ್ಲ. ಒಣಗಿದ್ದ ರೊಟ್ಟಿ ಹಾಕ್ತೀನಿ, ಅಷ್ಟೇ."

ಎರೀಬ ಕೆಟ್ಟವನಲ್ಲ. ಅವನಿಗೆ ನಿಜ ಗೊತ್ತಿತ್ತು ಎಂದೇ ನನಗೆ ಇವತ್ತಿಗೂ ಅನುಮಾನ. ಇಡೀ ಕೇರಿಗೆ ಗೊತ್ತಿತ್ತು. ಇಲೀಮನ ಚಾಪೆಯನ್ನು ಎಲ್ಲರೂ ನೋಡಿದ್ದರಲ್ಲ, ಅದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಆದರೆ ಮನೆಗೆ ಸೇರದವನು ಎಂದು ಬರೆದುಕೊಳ್ಳಬೇಕಾದರೆ ಆಣೆ ಬೇಕು. ಮಾರನೆಯ ದಿನ ಗುಡಿಗೆ ಹೋದೆ. ಗುಲಾ ತಾಯಿಯ ನಾಯಿಯ ಮೇಲೆ ಕೈಯಿಟ್ಟು, ಈ ಹುಡುಗ ನನ್ನವನಲ್ಲ, ಇವನ ಹೆಸರು ಕರೆಯುವವರು ಭೂಮಿಯ ಮೇಲೆ ಯಾರೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಬೇಲ್ತಾನಿ, ನನ್ನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಬಂದು ಈರುಳ್ಳಿ ಹಾಕಿ ಮೀನು ಬೇಯಿಸಿದೆ.

ಉಣ್ಣುವಾಗ ಅವನು, "ಅಜ್ಜೀ, ಇನ್ಮೇಲೆ ನಿನ್ನ ಏನಂತ ಕರೀಲಿ? ಅಕ್ಕ ಅನ್ಲಾ?" ಎಂದ.

"ರೊಟ್ಟಿ ತಿಂದು ಬಾಯಿ ಮುಚ್ಚು" ಎಂದೆ.

"ಈ ರೊಟ್ಟಿ ತಿಂದ್ರೆ ಬಾಯಿ ತಾನೇ ಮುಚ್ಕೊಳ್ತದೆ ಬಿಡು. ನಮ್ಮ ನಾಯಿಗಳೂ ಮೂಸಲ್ಲ" ಎಂದ. ದಿನವೂ ಅದನ್ನೇ ಹೇಳುತ್ತಿದ್ದ, ದಿನವೂ ನಾಲ್ಕು ತಿನ್ನುತ್ತಿದ್ದ.

ಮೂರನೆಯ ಹಲಗೆ.

ಈ ಸಲ ಅಯ್ಯಾರ್ ತಿಂಗಳ ಹುಣ್ಣಿಮೆಗೆ ಚಂದ್ರನನ್ನು ಗ್ರಹಣ ಹಿಡಿಯಿತು. ಸಿಪ್ಪಾರಿನಲ್ಲೂ ಕಂಡಿರಬೇಕು. ನೀವು ತಾಮ್ರದ ತಪ್ಪಲೆ ಬಡಿದು ಒಳಗೆ ಹೋಗಿ ಮಲಗಿರುತ್ತೀರಿ. ಇಲ್ಲಿ ಹಾಗಾಗಲಿಲ್ಲ. ಚಂದ್ರನ ಯಾವ ಮಗ್ಗುಲು ಮೊದಲು ಕಪ್ಪಾಯಿತು ಎಂದು ಶಕುನ ಹೇಳುವ ಪೂಜಾರಿಗಳು ಲೆಕ್ಕ ಹಾಕಿದರು, ಕುರಿ ಕೊಯ್ದು ಕರುಳು ನೋಡಿದರು, ಕೊನೆಗೆ ಈ ಕತ್ತಲೆ ಇಸಿನ್ ದೊರೆಯ ತಲೆಯನ್ನೇ ಕೇಳುತ್ತಿದೆ ಎಂದರು.

ಅದಕ್ಕೆ ಮದ್ದು ನಮ್ಮಜ್ಜಿಯ ಕಾಲದಲ್ಲಿ ಒಮ್ಮೆ ಮಾಡಿದ್ದರಂತೆ, ನಾನು ಕತೆ ಎಂದುಕೊಂಡಿದ್ದೆ. ದೊರೆಯನ್ನು ಇಳಿಸಿ, ಇನ್ನೊಬ್ಬನನ್ನು ದೊರೆ ಎಂದು ಸಿಂಹಾಸನದಲ್ಲಿ ಕೂರಿಸುತ್ತಾರೆ. ಕಿರೀಟ, ಕೋಲು, ಅಂಗರಕ್ಷಕರು, ಊಟ ಎಲ್ಲ ಅವನಿಗೇ. ಸಾವು ಬಂದು ದೊರೆ ಯಾರು ಎಂದು ನೋಡಿದರೆ ಅವನು ಕಾಣಬೇಕು. ಒಂದು ದಿನ ಅವನು ಸಾಯುತ್ತಾನೆ, ಸಾಯಿಸುತ್ತಾರೆ. ದೊರೆಯ ಹೆಸರಿನಲ್ಲೇ ಅವನನ್ನು ಹೂಳುತ್ತಾರೆ. ಗಂಡಾಂತರ ಹೂತುಹೋಯಿತು ಎಂದು ನಿಜವಾದ ದೊರೆ ಮೇಲೆದ್ದು ಬರುತ್ತಾನೆ. ಅಷ್ಟು ದಿನ ಅವನನ್ನು ತೋಟದ ಮನೆಯಲ್ಲಿಟ್ಟು "ರೈತರೇ" ಎಂದು ಕರೆಯುತ್ತಿದ್ದರಂತೆ. ಒಂದು ದಿನ ಕಳೆ ಕಿತ್ತವನಲ್ಲ ಆ ರೈತ.

ಆದರೆ ಆ ಬದಲಿ ಮನುಷ್ಯನಿಗೆ ಮನೆ ಇರಬಾರದು. ಅಮಾವಾಸ್ಯೆಗೆ ಯಾರಾದರೂ ಸತ್ತವರಿಗೆಂದು ಮನೆಯ ನೆಲದಲ್ಲಿ ಹೂತಿಟ್ಟ ಕೊಳವೆಗೆ ನೀರು ಹಾಕಿ ಅವನ ಹೆಸರು ಕರೆದರೆ, ಅವನು ದೊರೆಯ ಗೋರಿ ಬಿಟ್ಟು ತನ್ನ ಮನೆಗೆ ನೀರು ಕುಡಿಯಲು ಬಂದುಬಿಡುತ್ತಾನೆ. ಆಗ ಗೋರಿ ಖಾಲಿ, ಸತ್ತವನು ದೊರೆ ಅಲ್ಲ, ಗಂಡಾಂತರ ಮತ್ತೆ ಹುಡುಕಿಕೊಂಡು ಹೊರಡುತ್ತದೆ. ಆದ್ದರಿಂದ ಹೆಸರು ಕರೆಯುವವರಿಲ್ಲದವನೇ ಬೇಕು. ಊರಿನ ಹಲಗೆಗಳನ್ನೆಲ್ಲ ಹುಡುಕಿಸಿದರು. ಅಂಥವರು ಮೂರು ಜನ ಸಿಕ್ಕರು. ಒಬ್ಬ ಕುರುಡ. ಇನ್ನೊಬ್ಬ ಹಲ್ಲಿಲ್ಲದ ಕುಡುಕ. ದೊರೆಗೆ ಬದಲಾಗಿ ಕೂರಲು ಕೈಕಾಲು ನೆಟ್ಟಗಿರಬೇಕು, ಹಲ್ಲು ಪೂರ್ತಿ ಇರಬೇಕು.

ಪುಜೂರನ ಹಲ್ಲು ಎಷ್ಟು ಚೆಂದ ಇದ್ದವು, ನಿನಗೆ ಗೊತ್ತಿಲ್ಲ. ನೀನು ನೋಡಿದ್ದು ಹಾಲುಹಲ್ಲು.

ನಾಯಿದೊಡ್ಡಿಯಿಂದಲೇ ಕರೆದೊಯ್ದರು. ವಸಂತದಲ್ಲಿ ನೀನು ನೇಯ್ದು ಕಳಿಸಿದ್ದ ಉಣ್ಣೆಯ ಅಂಗಿ ಅವನ ಮೈಮೇಲಿತ್ತು. ನಾನು ಎರೀಬನ ಮನೆಗೆ ಓಡಿದೆ. ಅವನು ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ, "ಅಕ್ಕಾ, ಆಣೆ ಇಟ್ಟೋಳು ನೀನು, ಬರ್ಕೊಂಡೋನು ನಾನು. ಈಗ ಸುಳ್ಳು ಅಂದ್ರೆ ಇಬ್ರನ್ನೂ ಕಲ್ಲು ಕಟ್ಟಿ ಹೊಳೇಗೆ ಹಾಕ್ತಾರೆ. ಸುಮ್ನಿರು. ಹುಡುಗ ನೂರು ದಿನ ಹೊಟ್ಟೆ ತುಂಬ ಉಣ್ತಾನೆ. ಅಷ್ಟರಲ್ಲಿ ಏನಾದ್ರೂ ಆಗ್ತದೆ."

ಏನಾದರೂ ಆಗುತ್ತದೆ ಎಂಬ ಆ ಒಂದು ಮಾತು ಹಿಡಿದುಕೊಂಡು ಮನೆಗೆ ಬಂದೆ.

ಸಿಮಾನ್ ತಿಂಗಳಲ್ಲಿ ನಿನ್ನ ಪತ್ರ ಬಂತು, ಅಂಗಿ ಸರಿಹೋಯಿತೇ ಎಂದು. ಹೆಗಲ ಹತ್ತಿರ ಸ್ವಲ್ಪ ಬಿಗಿ, ಉಳಿದದ್ದು ಪರವಾಗಿಲ್ಲ, ಹುಡುಗ ಗುಡಿಯ ನಾಯಿಗಳ ಜೊತೆ ನಿಪ್ಪೂರಿಗೆ ಹೋಗಿದ್ದಾನೆ ಎಂದು ಬರೆಸಿ ಕಳಿಸಿದೆ. ನೀನು ಅದನ್ನು ಓದುವ ಹೊತ್ತಿಗೆ ಅವನು ಸಿಂಹಾಸನದ ಮೇಲಿದ್ದ.

ನಾಲ್ಕನೆಯ ಹಲಗೆ.

ವಾರಕ್ಕೊಂದು ದಿನ ಬದಲಿ ದೊರೆಯನ್ನು ಅರಮನೆಯ ಹೊರಬಾಗಿಲಲ್ಲಿ ಕೂರಿಸುತ್ತಿದ್ದರು. ಸಾವಿಗೂ ಜನಕ್ಕೂ ಕಾಣಬೇಕಲ್ಲ. ನಾನು ರೊಟ್ಟಿಬುಟ್ಟಿ ಹೊತ್ತುಕೊಂಡು ಹೋದೆ. ಬಾಗಿಲ ಕಾವಲಿನವನು, "ಏನಜ್ಜಿ, ದೊರೆಗೆ ರೊಟ್ಟಿನಾ? ಒಳಗೆ ಕುರಿ ಮಾಂಸ ಮಿಕ್ಕಿ ಬಿದ್ದೈತೆ" ಎಂದು ನಕ್ಕ. ಅವನಿಗೆ ಎರಡು ರೊಟ್ಟಿ ಕೊಟ್ಟೆ. ಬಿಟ್ಟ.

ಎಲ್ಲರ ಜೊತೆ ನಾನೂ ನೆಲಕ್ಕೆ ಮೂಗು ತಾಗಿಸಿದೆ. ನಾನು ಅಂಡು ತೊಳೆದ ಹುಡುಗನ ಮುಂದೆ. ತಲೆಯೆತ್ತಿ ನೋಡಿದರೆ, ದೊಡ್ಡ ಕಿರೀಟ ಕಿವಿಯ ಮೇಲೆ ಕೂತಿದೆ. ಮೈ ತುಂಬಿಕೊಂಡಿದ್ದ. ಎಣ್ಣೆ ಹಚ್ಚಿ ಗಡ್ಡ ಸುರುಳಿ ಮಾಡಿದ್ದರು. ನನ್ನನ್ನು ಕಂಡ. ಕಂಡವನು ಕಣ್ಣು ತೆಗೆದು ಮೋಡ ನೋಡಿದ. ಮೋಡವೇ ಇರಲಿಲ್ಲ. ಹೀಗೆ ಐದು ವಾರ. ಐದು ವಾರವೂ ಹೋದೆ, ಐದು ವಾರವೂ ಬಿದ್ದೆ. ಒಮ್ಮೆ ಮಾತ್ರ, ಬುಟ್ಟಿಯ ಕಡೆ ನೋಡಿ ಮೂಗು ಹಿಡಿದುಕೊಂಡ, ನಾಯಿಗಳೂ ಮೂಸುವುದಿಲ್ಲ ಎನ್ನುವ ಹಾಗೆ. ನನಗೊಬ್ಬಳಿಗೇ ತಿಳಿಯಿತು. ಅವತ್ತು ದಾರಿಯುದ್ದಕ್ಕೂ ನಗುತ್ತ ಬಂದೆ. ಮನೆಗೆ ಬಂದು ಒಲೆಯ ಬೂದಿ ಬಾಚಿದೆ, ಬಾಚಿದ್ದನ್ನೇ ಮತ್ತೆ ಬಾಚಿದೆ.

ಆರನೆಯ ವಾರ ಯಾರೋ ಊದಿದ್ದರು. ಈ ರೊಟ್ಟಿಯ ಮುದುಕಿ ತಪ್ಪದೆ ಯಾಕೆ ಬರುತ್ತಾಳೆ, ಇವಳು ಸಾಕಿದ ಹುಡುಗನಂತೆ ಅವನು ಎಂದು. ಶಕುನದ ಹಿರಿಯ ಪೂಜಾರಿ ನನ್ನನ್ನು ಮುಂದಕ್ಕೆ ಕರೆದ. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಮಾತು.

"ಹೆದರಬೇಡಮ್ಮ. ಒಂದೇ ಮಾತು ಕೇಳ್ತೀನಿ. ಇಲ್ಲಿ ಕೂತಿರೋರು ನಿನಗೆ ಏನಾಗಬೇಕು?"

ಹೌದು, ನನ್ನ ಮಗಳ ಮಗ ಎಂದರೆ ಸಾಕಿತ್ತು. ಮನೆ ಇರುವವನು ಬದಲಿ ಆಗಲಾರ. ಅವನನ್ನು ಅಲ್ಲೇ ಇಳಿಸಬೇಕಾಗುತ್ತಿತ್ತು. ಸುಳ್ಳಾಣೆ ಇಟ್ಟವಳು ಹೊಳೆಯ ಪಾಲು, ಅಷ್ಟೆ. ನಾನು ಬಾಯಿ ತೆರೆದೆ. ಹೌದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಸಿಂಹಾಸನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

"ಇವಳಾ? ಗುಡಿ ಹಿಂದೆ ರೊಟ್ಟಿ ಮಾರೋ ಮುದುಕಿ ಕಣಯ್ಯಾ. ಇವಳ ರೊಟ್ಟೀನ ನಮ್ಮ ನಾಯಿಗಳೂ ಮೂಸ್ತಿರಲಿಲ್ಲ. ಈಗ ದೊರೆಗೆ ಮಾರಾಕೆ ಬಂದವ್ಳೆ. ಕಳಿಸ್ರಯ್ಯ ಆಚೆ, ನಾತ ಹೊಡೀತಾಳೆ!"

ಜನವೆಲ್ಲ ನಕ್ಕಿತು. ಪೂಜಾರಿಯೂ ನಕ್ಕ. ಕಾವಲಿನವನು ನನ್ನ ರಟ್ಟೆ ಹಿಡಿದು ಆಚೆ ನೂಕಿದ. ಅವನು ಹಾಗೆ ನನ್ನನ್ನು ಉಳಿಸಿದ, ಬೇಲ್ತಾನಿ. ಉಳಿಸಿದವನ ಮುಖವನ್ನು ಮತ್ತೆ ನಾನು ನೋಡಲಿಲ್ಲ. ಆಮೇಲಿನ ವಾರದಿಂದ ಅವನನ್ನು ಹೊರಗೆ ಕೂರಿಸಲಿಲ್ಲ.

ಈ ತಿಂಗಳ ಇಪ್ಪತ್ತನೆಯ ದಿನ ಬೆಳಿಗ್ಗೆ ಡಂಗುರ ಹೊಡೆದರು, ದೊರೆ ತಮ್ಮ ಗತಿಗೆ ಹೋದರು, ಊರೆಲ್ಲ ಅಳಬೇಕು ಎಂದು. ಏನು ಕುಡಿಸಿದರೋ, ನೋವಾಯಿತೋ ಇಲ್ಲವೋ, ಯಾರಾದರೂ ತಲೆ ಹಿಡಿದುಕೊಂಡಿದ್ದರೋ, ನನಗೆ ಗೊತ್ತಿಲ್ಲ. ಅಳುವ ಹೆಂಗಸರು ಸಾಲಲ್ಲಿ ನಿಂತಿದ್ದರು, ನಾನೂ ನುಗ್ಗಿ ನಿಂತೆ. ಎರಡು ತಿಂಗಳು ಹೆಂಚಿನಂತೆ ಕಾದಿದ್ದ ಗಂಟಲು. ಅಪ್ಪಣೆ ಸಿಕ್ಕಿದ್ದೇ ಸಿಕ್ಕಿದ್ದು, ಎದೆ ಬಡಿದುಕೊಂಡು ಅತ್ತೆ, ನೆಲದಲ್ಲಿ ಹೊರಳಿ ಅತ್ತೆ. ಆದರೆ ಬಾಯಲ್ಲಿ ಯಾರ ಹೆಸರು? ದೊರೆಯ ಹೆಸರು. ಪುಜೂರ ಎಂದು ಒಂದು ಸಲ ಕೂಗಿದ್ದರೆ ಅಲ್ಲೇ ಹಿಡಿಯುತ್ತಿದ್ದರು. ತೋಟದಲ್ಲಿ ಕೂತು ಖರ್ಜೂರ ತಿನ್ನುತ್ತಿರುವ ಆ ರೈತನ ಹೆಸರು ಹಿಡಿದು ನನ್ನ ಮೊಮ್ಮಗನಿಗೆ ಅತ್ತೆ.

ಅಳುವ ಹೆಂಗಸರ ಮೇಸ್ತ್ರಿ ಹತ್ತಿರ ಬಂದು, "ಚೆನ್ನಾಗಿ ಅಳ್ತೀಯ ಕಣಜ್ಜಿ. ಯಾವ ಕೇರಿ ನಿಂದು? ಮುಂದೆ ಯಾವುದಾದ್ರೂ ದೊಡ್ಡ ಸಾವಾದ್ರೆ ಹೇಳಿ ಕಳಿಸ್ತೀನಿ" ಎಂದು ಒಂದು ತಂಬಿಗೆ ಹೆಂಡ ಕೈಗಿಟ್ಟ. ಇಸಕೊಂಡೆ. ಕುಡಿದೆ. ಗಂಟಲು ಅಷ್ಟು ಒಣಗಿತ್ತು.

ಐದನೆಯ ಹಲಗೆ.

ಈಗ ನಿನ್ನಿಂದ ಆಗಬೇಕಾದದ್ದು.

ಅವನನ್ನು ದೊರೆಗಳ ಗೋರಿಯಲ್ಲಿ ಇಟ್ಟಿದ್ದಾರೆ. ಚಿನ್ನದ ಬಟ್ಟಲು, ಕುರಿ, ಎಣ್ಣೆಯ ಗಡಿಗೆ ಎಲ್ಲ ಜೊತೆಗಿದೆ. ಆದರೆ ಅಲ್ಲಿ ಕೂಗುವುದು ಇನ್ನೊಬ್ಬನ ಹೆಸರು. ಬೇರೆಯವನ ಹೆಸರಿನಲ್ಲಿ ಎರೆದ ನೀರು ಇವನ ಗಂಟಲಿಗೆ ಇಳಿಯುವುದಿಲ್ಲ. ಧೂಳು ತಿಂದುಕೊಂಡು ಕೂತಿರುತ್ತಾನೆ, ಚಿನ್ನದ ಬಟ್ಟಲು ಹಿಡಿದುಕೊಂಡು.

ಹೋದ ವಾರ ನಾನು ಪ್ರಯತ್ನಪಟ್ಟೆ. ಬಾಗಿಲು ಹಾಕಿ, ನಡುಮನೆಯ ಕೊಳವೆಯ ಮುಂದೆ ಕೂತು, ನಿಮ್ಮಪ್ಪನನ್ನು ಕರೆದೆ, ಇಲೀಮನನ್ನು ಕರೆದೆ, ನೀರು ಸರಸರ ಇಳಿಯಿತು. ಪುಜೂರ, ಬೇಲ್ತಾನಿಯ ಮಗ, ಬಾರೋ ಎಂದೆ. ನೀರು ಕೊಳವೆಯ ಬಾಯಲ್ಲೇ ನಿಂತಿತು. ಅಲುಗಲಿಲ್ಲ. ಮಣ್ಣು ಕಟ್ಟಿಕೊಂಡಿರಬಹುದು ಎಂದು ಪಕ್ಕದ ಮನೆಯ ಅಹಾತಿ ಸಮಾಧಾನ ಹೇಳಿದಳು. ಕಡ್ಡಿ ಹಾಕಿ ಚುಚ್ಚಿದೆ, ಆಗಲೂ ಇಳಿಯಲಿಲ್ಲ. ನನಗೆ ಅರ್ಥವಾಯಿತು. ಇವನು ನನ್ನವನಲ್ಲ ಎಂದು ದೇವರ ಮುಂದೆ ಕೈಯಿಟ್ಟು ಹೇಳಿದವಳ ಬಾಯಿ ಇದು. ಈ ಬಾಯಿಯಿಂದ ಅವನ ಹೆಸರು ಹೊರಟರೂ ಕೆಳಗೆ ತಲುಪುವುದಿಲ್ಲ.

ಉಳಿದವಳು ನೀನೊಬ್ಬಳೇ. ನೀನು ಗಂಡನಿಗೆ ಸುಳ್ಳು ಹೇಳಿದ್ದೀಯ, ಅತ್ತೆಗೆ ಹೇಳಿದ್ದೀಯ. ದೇವರ ಮೇಲೆ ಕೈಯಿಟ್ಟು ಹೇಳಿಲ್ಲ. ಅದೊಂದು ಪುಣ್ಯ ನಿನಗೆ ಉಳಿದಿದೆ.

ಬರುವ ಅಬು ತಿಂಗಳು ಸತ್ತವರು ಮೇಲೆ ಬರುವ ತಿಂಗಳು. ಆ ಅಮಾವಾಸ್ಯೆಗೆ ಎಲ್ಲರೂ ಅವರವರ ಮನೆ ಹುಡುಕಿಕೊಂಡು ಬರುತ್ತಾರೆ. ಇವನು ಯಾವ ಮನೆಗೆ ಹೋಗಬೇಕು? ದೋಣಿಯ ಉಬಾರ ನಾಳೆ ಹೊರಡುತ್ತಾನೆ, ಹದಿನೈದು ದಿನದಲ್ಲಿ ಈ ಹಲಗೆಗಳು ನಿನ್ನ ಕೈಸೇರುತ್ತವೆ. ಗಂಡನಿಗೆ ಹೇಳಲು ನಿನಗೆ ಹನ್ನೆರಡು ಹದಿಮೂರು ದಿನ ಉಳಿಯುತ್ತದೆ. ಹೇಳು. ಹೊಳೆಯ ದಡದಲ್ಲಿ ಕದ್ದು ನೀರು ಬಿಟ್ಟರೆ ಆಗುವುದಿಲ್ಲ, ಮನೆಯೊಳಗೆ, ನೆಲದ ಮೇಲೆ, ನಿನ್ನ ಹೆಣ್ಣುಮಕ್ಕಳಿಗೂ ಕೇಳುವ ಹಾಗೆ ಕರೆಯಬೇಕು. ಆ ಹುಡುಗಿಯರಿಗೆ ಒಬ್ಬ ಅಣ್ಣ ಇದ್ದ ಎಂದು ಗೊತ್ತಾಗಲಿ. ಗಂಡ ಕೂಗಾಡಬಹುದು. ಹೊಡೆದರೆ ಹೊಡೆಯಲಿ. ಮನೆಯಿಂದ ಹೊರಗೆ ಹಾಕಿದರೆ ಇಲ್ಲಿಗೆ ಬಾ, ಒಲೆ ಇದೆ, ರೊಟ್ಟಿ ತಟ್ಟುವುದು ಕಲಿಸುತ್ತೇನೆ. ನಾಯಿ ಮೂಸದ ರೊಟ್ಟಿಯನ್ನೂ ಕೊಳ್ಳುವವರಿದ್ದಾರೆ.

ಒಂದು ಮಾತು ಮುಚ್ಚಿಡುವುದಿಲ್ಲ. ನೀನು ಅವನ ಹೆಸರು ಕರೆದರೆ ಅವನು ಆ ಗೋರಿ ಬಿಟ್ಟು ಬರುತ್ತಾನೆ. ಆಗ ದೊರೆಯ ಮೇಲಿನ ಗಂಡಾಂತರ ದೊರೆಗೇ ಹಿಂತಿರುಗುತ್ತದೆ ಎಂದು ಪೂಜಾರಿಗಳು ಹೇಳುತ್ತಾರೆ. ತಿರುಗಲಿ. ಅದು ಅವನದೇ ಸ್ವತ್ತು, ಅವನೇ ಇಟ್ಟುಕೊಳ್ಳಲಿ. ನಿನ್ನೆಯೇ ಅವನು ತೋಟದಿಂದ ಎದ್ದು ಬಂದು ಕಿರೀಟ ಇಟ್ಟುಕೊಂಡ. ಗುಡಿಗೆ ಮೆರವಣಿಗೆ ಹೋದ. ಬರುವ ವರ್ಷಕ್ಕೆ ಹೆಸರನ್ನೂ ಗೊತ್ತುಮಾಡಿದ್ದಾರಂತೆ, ದೇವರುಗಳು ದೊರೆಯನ್ನು ಕತ್ತಲೆಯಿಂದ ಪಾರುಮಾಡಿದ ವರ್ಷ ಎಂದು. ಇಡೀ ನಾಡು ಮದುವೆಯ ಹಲಗೆಗೂ ಮಾರಾಟದ ಹಲಗೆಗೂ ಆ ಹೆಸರನ್ನೇ ಒತ್ತುತ್ತದೆ. ನೂರು ವರ್ಷದ ಮೇಲೆ ಯಾರೋ ಓದಿ, ಎಂಥ ಭಾಗ್ಯವಂತ ದೊರೆ ಎನ್ನುತ್ತಾರೆ. ನಮ್ಮ ಹುಡುಗನಿಗೆ ವರ್ಷ ಬೇಡ. ತಿಂಗಳಿಗೊಂದು ಚೊಂಬು ನೀರು, ಅವನ ಹೆಸರು, ನಿನ್ನ ಧ್ವನಿ. ಹದಿನೈದು ವರ್ಷದಿಂದ ಅವನು ಆ ಧ್ವನಿ ಕೇಳಿಲ್ಲ. ಗುರುತು ಹಿಡಿಯುತ್ತಾನೋ ಇಲ್ಲವೋ ಎಂದು ಹೆದರಬೇಡ. ಹಿಡಿಯುತ್ತಾನೆ. ಚಿಕ್ಕಂದಿನಲ್ಲಿ ದೋಣಿ ಬಂದ ದಿನವೆಲ್ಲ ದಡಕ್ಕೆ ಓಡುತ್ತಿದ್ದ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಸಿಟ್ಟಿದ್ದರೂ ಕರೆ. ಕ್ಷಮಿಸು ಎಂದು ಕೇಳುವುದಿಲ್ಲ, ಆ ಮಾತಿಗೆ ನನ್ನ ಹತ್ತಿರ ಮುಖವಿಲ್ಲ.

ನಿನ್ನ ತಾಯಿ,
ನರಾಂತು
(ಮುದ್ರೆ ಇಲ್ಲದ್ದಕ್ಕೆ ಹೆಬ್ಬೆರಳ ಉಗುರು ಒತ್ತಿದ್ದೇನೆ)

ಮರೆತದ್ದು, ಚಿಕ್ಕ ಹಲಗೆಯಲ್ಲಿ:

ಬೇಲ್ತಾನಿ, ಮರೆತದ್ದು ಎಂದೆ. ಮರೆತದ್ದಲ್ಲ. ರಾತ್ರಿಯೆಲ್ಲ ಬಿಡದೆ ಕಾಡಿದ್ದು.

ನಾಲ್ಕನೆಯ ಹಲಗೆಯಲ್ಲಿ, ಪೂಜಾರಿ ಕೇಳಿದಾಗ ನಾನು ಬಾಯಿ ತೆರೆದೆ ಎಂದು ಬರೆದಿದ್ದೇನೆ. ಬೆಳಿಗ್ಗೆ ಎದ್ದು ಅದನ್ನು ಅಳಿಸಲು ಹೋದೆ, ಒಣಗಿ ಕಲ್ಲಾಗಿದೆ. ನೀರು ಚಿಮುಕಿಸಿದರೆ ಇಡೀ ಹಲಗೆ ಕರಗುತ್ತದೆ. ಅದಕ್ಕೇ ಈ ಚಿಕ್ಕದು.

ನಾನು ಬಾಯಿ ತೆರೆಯಲಿಲ್ಲ. ಪೂಜಾರಿ ಕೇಳಿದ. ಪುಜೂರ ಮೋಡ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದ. ನಗಲಿಲ್ಲ ಆಗ. ನೋಡುತ್ತ ಕಾದ. ಒಲೆಯ ಗೋಡೆಗೆ ಬಡಿದ ರೊಟ್ಟಿ ಉಬ್ಬುವಷ್ಟು ಹೊತ್ತು ಕಾದ. ನಾನು ನೆಲ ನೋಡಿದೆ. ಆಮೇಲೆ ಇಲ್ಲ ಎಂದು ತಲೆಯಾಡಿಸಿದೆ. ಹೊಳೆಯ ನೀರು ನೆನಪಾಯಿತು, ಕಲ್ಲು ನೆನಪಾಯಿತು. ಎಪ್ಪತ್ತು ವರ್ಷ ಬದುಕಿದ್ದರೂ ಇನ್ನೂ ಬದುಕಬೇಕೆನ್ನಿಸಿತು, ಮಗಳೇ. ನಾನು ತಲೆಯಾಡಿಸಿದ ಮೇಲೆಯೇ ಅವನು ನಕ್ಕದ್ದು. ನನ್ನನ್ನು ಯಾರೂ ಎರಡನೆಯ ಸಲ ಕೇಳದ ಹಾಗೆ ಮಾಡಿದ.

ಇದನ್ನು ಓದಿದ ಮೇಲೆ ಒಣಗಿದ ದೊಡ್ಡ ಹಲಗೆಗಳನ್ನು ಒಡೆದು ಹೊಳೆಗೆ ಹಾಕು. ಈ ಚಿಕ್ಕದನ್ನು ಮಾತ್ರ ಒಡೆಯಬೇಡ. ಅವನ ಮೈ ನಮಗೆ ಸಿಗುವುದಿಲ್ಲ. ನಿನ್ನ ನಡುಮನೆಯ ನೆಲ ಅಗೆದು ಇದನ್ನು ಮಲಗಿಸು, ಮೇಲೆ ಕೊಳವೆ ಇಡು. ತಿಂಗಳು ತಿಂಗಳೂ ನೀರು ಬಿದ್ದು ನನ್ನ ಮಾತೆಲ್ಲ ಕರಗಿ ಹೋಗಲಿ.

ಕೆಳ ಅಂಚಿನಲ್ಲಿ ಬಟ್ಟೆಯ ಗುರುತು ಕಾ‌ಣುತ್ತದೆ. ನನ್ನ ಸೆರಗಿನದಲ್ಲ. ದೊರೆಯ ನಿಲುವಂಗಿ ತೊಡಿಸುವಾಗ ಅವನ ಮೈಯಿಂದ ಕಿತ್ತೆಸೆದಿದ್ದನ್ನು ಅರಮನೆ ಗುಡಿಸುವವಳು ನನಗೆ ತಂದುಕೊಟ್ಟಳು. ಅದರ ಅಂಚನ್ನು ಒತ್ತಿದ್ದೇನೆ. ಮೂರೆಳೆಗೊಂದು ಗಂಟು, ಕೊನೆಯಲ್ಲಿ ಜೋಡಿ ಗಂಟು. ಬೆರಳಾಡಿಸಿ ನೋಡು, ನಿನ್ನ ಕೈಯ ನೇಯ್ಗೆ ನಿನಗೆ ಗೊತ್ತಾಗುತ್ತದೆ.

ಹೆಗಲ ಹತ್ತಿರ ಬಿಗಿ ಎಂದು ಬರೆಸಿದ್ದೆನಲ್ಲ, ಅದೂ ಸುಳ್ಳು. ಒಂದು ಕೊಂಕು ತೆಗೆಯದಿದ್ದರೆ ನನ್ನ ಪತ್ರವೆಂದು ನೀನು ನಂಬುತ್ತಿರಲಿಲ್ಲ. ಅವನು ತೊಟ್ಟುಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿ ತೋರಿಸಿದ್ದ. ಅಂಗಿ ಅವನಿಗೆ ಅಳತೆ ತೆಗೆದು ನೇಯ್ದ ಹಾಗೆ ಕೂತಿತ್ತು.